ಐ ವರ್ಕಾ, ಐ ಆ್ಯಮ್ ವರ್ಕಿಂಗಾ? ಪ್ರೆಸೆಂಟ್ ಟೆನ್ಸ್ ತಲೆ ತಿಂತಿದೆ, ಯಾರಾದರೂ ಬಿಡಿಸಿ ಹೇಳಿ

ತಿಪಟೂರಿನವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಹತ್ತನೇ ಕ್ಲಾಸಿನವರೆಗೂ ಓದಿದ್ದು ಕನ್ನಡ ಮೀಡಿಯಂ, ಆಮೇಲೆ ಬಿ.ಕಾಂ. ಮೂರು ವರ್ಷದಿಂದ ಇಲ್ಲೇ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್ ಎಲ್ಲ ಬರುತ್ತದೆ, ಅದರಲ್ಲಿ ಭಯ ಇಲ್ಲ. ಮುಂದಿನ ಗುರುವಾರ ಬೆಂಗಳೂರಿನ ಒಂದು ಕಂಪನಿಯವರು ವಿಡಿಯೋ ಕಾಲ್‌ನಲ್ಲಿ ಇಂಟರ್‌ವ್ಯೂ ಮಾಡುತ್ತಾರೆ. ಪೂರ್ತಿ ಇಂಗ್ಲಿಷಿನಲ್ಲೇ ಮಾತಾಡಬೇಕಂತೆ. ಭಯ ಇರೋದು ಅಲ್ಲಿ.

ಎರಡು ತಿಂಗಳು ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೂ ಹೋದೆ. ಮೊದಲ ದಿನವೇ ಟೆನ್ಸ್‌ಗಳ ಒಂದು ಚಾರ್ಟ್ ಕೊಟ್ಟರು. ಜಾತಕದಲ್ಲೂ ಹನ್ನೆರಡು ಮನೆ, ಅದರಲ್ಲೂ ಹನ್ನೆರಡು ಮನೆ. ಬಾಯಿಪಾಠ ಮಾಡಿ ಅಂದರು, ಮಾಡಿದೆ. ಫಾರ್ಮುಲಾ ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ. ಬಾಯಿ ಬಿಟ್ಟು ಮಾತಾಡು ಅಂದರೆ ಮಾತ್ರ ಎಲ್ಲದಕ್ಕೂ ಇಂಗ್ ಸೇರಿಕೊಂಡು ಬರುತ್ತದೆ. ನಾನು ಬರೆದುಕೊಂಡಿರೋದು ಹೀಗಿದೆ:

"ಐ ಆ್ಯಮ್ ಹ್ಯಾವಿಂಗ್ ಒನ್ ಬ್ರದರ್. ಮೈ ಫಾದರ್ ಈಸ್ ಡೂಯಿಂಗ್ ಅಗ್ರಿಕಲ್ಚರ್. ಐ ಆ್ಯಮ್ ವರ್ಕಿಂಗ್ ಇನ್ ತಿಪಟೂರ್ ಫ್ರಮ್ ತ್ರೀ ಇಯರ್ಸ್. ಡೈಲಿ ಐ ಆ್ಯಮ್ ಚೆಕಿಂಗ್ ದಿ ಬಿಲ್ಸ್. ಐ ಆ್ಯಮ್ ನೋಯಿಂಗ್ ಟ್ಯಾಲಿ."

ಚಿಕ್ಕಪ್ಪನ ಮಗ ಓದಿ ನಕ್ಕ. ಎಲ್ಲ ತಪ್ಪು ಅಂದ. ಯಾಕೋ ತಪ್ಪು ಅಂತ ಕೇಳಿದರೆ ಅವನಿಗೂ ಗೊತ್ತಿಲ್ಲ, "ಹಂಗೆಲ್ಲ ಹೇಳಲ್ಲ ಕಣೆ" ಅಷ್ಟೇ. ಕನ್ನಡದಲ್ಲಿ "ಮಾಡ್ತಾ ಇದ್ದೇನೆ" ಅನ್ನೋದು ಇಂಗ್ಲಿಷಿನಲ್ಲಿ "ಆ್ಯಮ್ ಡೂಯಿಂಗ್" ತಾನೇ? ಎಲ್ಲಿ ಎಡವುತ್ತಿದ್ದೇನೆ ಹೇಳಿ.

ಹಳೇ ಮೇಷ್ಟ್ರು

ನೋಡಮ್ಮಾ, ನಿನಗೆ ನನ್ನ ಮಗಳ ವಯಸ್ಸಿರಬೇಕು, ಏಕವಚನದಲ್ಲೇ ಮಾತಾಡುತ್ತೇನೆ. 31 ವರ್ಷ ಹಳ್ಳಿ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಹೇಳಿಕೊಟ್ಟವನು ನಾನು. ಆ ಹನ್ನೆರಡು ಮನೆಯ ಚಾರ್ಟನ್ನು ನಾನೂ ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೇನೆ, ಆ ಪಾಪ ನನಗೂ ಇದೆ. ಈ ವಾರಕ್ಕೆ ನಿನಗೆ ಅದರಲ್ಲಿ ನಾಲ್ಕು ಮನೆ ಸಾಕು. ನಿಜವಾಗಿ ತೊಂದರೆ ಕೊಡುತ್ತಿರುವುದು ಎರಡೇ, ಸಿಂಪಲ್ ಪ್ರೆಸೆಂಟ್ ಮತ್ತು ಕಂಟಿನ್ಯುಯಸ್.

ನಿನ್ನ ಮಂಡಿಯನ್ನೇ ತಗೋ. ಮಂಡಿ ಮುಂದೆ ಬೋರ್ಡ್ ಇರುತ್ತದೆ ಅಲ್ವಾ, "ಇಲ್ಲಿ ಕೊಬ್ಬರಿ ಕೊಳ್ಳಲಾಗುತ್ತದೆ" ಅಂತ. ರಜೆಯ ದಿನ ಬಾಗಿಲು ಹಾಕಿದ್ದರೂ ಆ ಬೋರ್ಡ್ ಸುಳ್ಳಾಗುವುದಿಲ್ಲ. ಒಳಗೆ ಹಮಾಲಿಗಳು ಚೀಲ ಇಳಿಸುತ್ತಾ ಇರುತ್ತಾರೆ, ಒಬ್ಬ ತೂಕ ಹಾಕುತ್ತಾ ಇರುತ್ತಾನೆ. ಅದು ಸ್ವಲ್ಪ ಹೊತ್ತಿನ ಕೆಲಸ, ಲಾರಿ ಖಾಲಿಯಾದರೆ ಮುಗಿಯಿತು. ಬೋರ್ಡಿನ ಮೇಲೆ ಬರೆಸಬಹುದಾದ ಮಾತು ಸಿಂಪಲ್ ಪ್ರೆಸೆಂಟ್. ಕಿಟಕಿಯಿಂದ ಇಣುಕಿದರೆ ಈಗ ಕಾಣುವುದು ಕಂಟಿನ್ಯುಯಸ್. "ವಿ ಬೈ ಕೋಪ್ರಾ" ಬೋರ್ಡು. "ದೇ ಆರ್ ಅನ್‌ಲೋಡಿಂಗ್ ದಿ ಲಾರಿ" ಕಿಟಕಿ.

ಈಗ ನಿನ್ನ ವಾಕ್ಯಗಳಿಗೆ ಬಾ. ನಿಮ್ಮಪ್ಪ ಬೇಸಾಯ ಮಾಡುವುದು ಬೋರ್ಡೋ ಕಿಟಕಿಯೋ? ಬೋರ್ಡು. ಹಾಗಾಗಿ "ಮೈ ಫಾದರ್ ಈಸ್ ಎ ಫಾರ್ಮರ್" ಅಂದುಬಿಡು, ಇನ್ನೂ ಸುಲಭ. ದಿನಾ ಬಿಲ್ ನೋಡುವುದೂ ಬೋರ್ಡು, "ಐ ಚೆಕ್ ದಿ ಬಿಲ್ಸ್ ಎವ್ರಿ ಡೇ". "ದಿನಾ" ಅನ್ನುವ ಮಾತು ಬಂದ ತಕ್ಷಣ ಇಂಗ್ ಕೈಬಿಡು. ಅಣ್ಣನೋ ತಮ್ಮನೋ ಇರುವುದು, ಟ್ಯಾಲಿ ಬರುವುದು, ಇವಕ್ಕೆ ಇಂಗ್ ಹತ್ತುವುದೇ ಇಲ್ಲ. ಅದನ್ನು ಆಮೇಲೆ ಹೇಳುತ್ತೇನೆ, ಮನೆಯಲ್ಲಿ ಊಟಕ್ಕೆ ಕರೆಯುತ್ತಿದ್ದಾರೆ.

ಭಾಷೆ ಹುಚ್ಚು

ಮೇಷ್ಟ್ರು ಊಟ ಮುಗಿಸಿ ಬರುವಷ್ಟರಲ್ಲಿ ನಾನು ಸ್ವಲ್ಪ ತಲೆ ತಿನ್ನುತ್ತೇನೆ. ನಿಮ್ಮ ಚಿಕ್ಕಪ್ಪನ ಮಗ ನಗುವಂಥದ್ದು ಏನೂ ಇಲ್ಲ. ನೀವು ಮಾಡಿರುವುದು ಪೆದ್ದುತನ ಅಲ್ಲ, ಕನ್ನಡದ ಲೆಕ್ಕವನ್ನು ಇಂಗ್ಲಿಷಿಗೆ ಹಾಕಿದ್ದೀರಿ ಅಷ್ಟೇ.

ಶಾಲೆಯಲ್ಲಿ ನಮಗೆ ಮೂರು ಕಾಲ ಹೇಳಿಕೊಟ್ಟರು. "ಉತ್ತ" ಬಂದರೆ ವರ್ತಮಾನ, "ದ" ಬಂದರೆ ಭೂತ, "ವ" ಬಂದರೆ ಭವಿಷ್ಯತ್. ಮಾಡುತ್ತಾನೆ, ಮಾಡಿದನು, ಮಾಡುವನು. ಪುಸ್ತಕದಲ್ಲಿ ಚೆನ್ನಾಗಿದೆ. ಈಗ ಬೀದಿಗೆ ಬನ್ನಿ. "ನಾಳೆ ಮಾಡುವೆನು" ಅಂತ ಯಾರಾದರೂ ಮಾತಾಡುತ್ತಾರಾ? "ನಾಳೆ ಮಾಡ್ತೀನಿ" ಅಂತೀವಿ. "ದಿನಾ ಮಾಡ್ತೀನಿ" ಅಂತಲೂ ಅಂತೀವಿ. ಅಂದರೆ "ಮಾಡ್ತೀನಿ" ಅನ್ನುವ ಒಂದೇ ರೂಪ ಇಂಗ್ಲಿಷಿನ "ಐ ಡು" ಮತ್ತು "ಐ ವಿಲ್ ಡು" ಎರಡೂ ಕೆಲಸ ಮಾಡುತ್ತದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅಂತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಅಷ್ಟು ವರ್ಷ ವಾದ ಮಾಡಿದ್ದು ಸುಮ್ನೆ ಅಲ್ಲ.

ಇದರಿಂದ ಏನಾಗುತ್ತದೆ? "ಬರೀತೀನಿ" ಅಂದರೆ ಮುಂದೆ ಯಾವತ್ತೋ ಬರೆಯುತ್ತೇನೆ ಅಂತಲೂ ಕೇಳಿಸುವುದರಿಂದ, ಈಗಾಗಲೇ ನಡೆಯುತ್ತಿರುವ ಕೆಲಸ, ಉದ್ಯೋಗ ಎಲ್ಲವನ್ನೂ ನಾವು "ಬರೀತಾ ಇದೀನಿ" ಕಡೆಗೆ ತಳ್ಳುತ್ತೇವೆ. ನೀವೇ ಮೇಲೆ ಬರೆದಿದ್ದೀರಿ ನೋಡಿ, "ಲೆಕ್ಕ ಬರೆಯುತ್ತಿದ್ದೇನೆ" ಅಂತ. ಕನ್ನಡದಲ್ಲಿ ಪಕ್ಕಾ ಸರಿ. ಅದೇ ಇಂಗ್ಲಿಷಿಗೆ ಹೋದಾಗ ಆ್ಯಮ್, ಇಂಗ್ ಎರಡೂ ಕಟ್ಟಿಕೊಂಡು ಹೋಗುತ್ತದೆ.

ಇನ್ನೊಂದು ತಮಾಷೆ. ಒಳಗಿನಿಂದ ಯಾರಾದರೂ ಕರೆದರೆ ನಾವು ಕೂತಲ್ಲಿಂದಲೇ "ಬಂದೆ ಬಂದೆ" ಅಂತೀವಿ. ಎದ್ದೇ ಇರುವುದಿಲ್ಲ! ಬಸ್ಸು ಇನ್ನೂ ದೂರದ ತಿರುವಿನಲ್ಲಿರುತ್ತದೆ, "ಬಸ್ ಬಂತು, ಬಸ್ ಬಂತು" ಅಂತ ಬ್ಯಾಗ್ ಎತ್ತಿಕೊಳ್ಳುತ್ತೇವೆ. ರೂಪ ಭೂತಕಾಲ, ಅರ್ಥ ಈಗಿನದು. ಇಂಗ್ಲಿಷಿನವರು ಅಲ್ಲಿ "ಐ ಆ್ಯಮ್ ಕಮಿಂಗ್" ಅಂತಾರೆ. ರೂಪ ನೋಡಿ ಅನುವಾದ ಮಾಡಿದರೆ "ಐ ಕೇಮ್ ಐ ಕೇಮ್" ಆಗುತ್ತದೆ.

ಸ್ಕ್ರಮ್ ಸಂಕಟ

ಹಹ್ಹಾ, ನನ್ನ ಕತೆ ಕೇಳಿ. ಐಟಿಗೆ ಸೇರಿದ ಹೊಸದರಲ್ಲಿ ಕ್ಲೈಂಟ್ ಕಡೆಯವರೊಬ್ಬರು ಕಾಲ್‌ನಲ್ಲಿ ಮನೆ ಎಲ್ಲಿ ಅಂತ ಕೇಳಿದರು. "ಐ ಆ್ಯಮ್ ಸ್ಟೇಯಿಂಗ್ ಇನ್ ವಿಜಯನಗರ" ಅಂದೆ. ಓ, ಹೋಟೆಲ್ ಚೆನ್ನಾಗಿದೆಯಾ ಅಂತ ಕೇಳಿದರು. ಹುಟ್ಟಿದಾಗಿನಿಂದ ಅಲ್ಲೇ ಇದ್ದೇನೆ ಮಾರಾಯ್ರೆ, ಯಾವ ಹೋಟೆಲ್ಲು! ಅವರ ಕಿವಿಗೆ ಸ್ಟೇಯಿಂಗ್ ಅಂದರೆ ಬಂದು ನಾಲ್ಕು ದಿನ ಇದ್ದು ಹೋಗುವುದು. ಖಾಯಂ ಮನೆಗೆ "ಐ ಲಿವ್ ಇನ್ ವಿಜಯನಗರ".

ಇನ್ನೊಂದು ಸಲ ಅವರೆಲ್ಲ ಬೆಂಗಳೂರಿಗೆ ಬಂದಿದ್ದಾಗ ರಾತ್ರಿ ಪಾರ್ಟಿ. ಗ್ಲಾಸ್ ಮುಂದೆ ಇಟ್ಟರು. "ನಾನು ಕುಡಿಯಲ್ಲ" ಅನ್ನೋದನ್ನು "ಐ ಆ್ಯಮ್ ನಾಟ್ ಡ್ರಿಂಕಿಂಗ್" ಅಂದೆ. ಹುಷಾರಿಲ್ವಾ, ಮಾತ್ರೆ ತಗೋತಿದ್ದೀಯಾ ಅಂತ ಪಾಪ ಕಾಳಜಿಯಿಂದ ವಿಚಾರಿಸಿದರು. ಈವತ್ತು ಮಾತ್ರ ಬೇಡ ಅಂತ ಅವರಿಗೆ ಅರ್ಥ ಆಗಿತ್ತು. ಮರುದಿನ ಮತ್ತೆ ಗ್ಲಾಸ್ ಬಂತು. "ಐ ಡೋಂಟ್ ಡ್ರಿಂಕ್" ಅಂದಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು.

ತಿಪಟೂರಿನವಳು

ಅಯ್ಯೋ, ನಾನೂ "ಸ್ಟೇಯಿಂಗ್ ಇನ್ ತಿಪಟೂರ್" ಅಂತಲೇ ಹೇಳುತ್ತಿದ್ದೆ! ಬೋರ್ಡು, ಕಿಟಕಿ ತಲೆಗೆ ಹೋಯಿತು ಸರ್. ಹ್ಯಾವಿಂಗ್, ನೋಯಿಂಗ್ ಯಾಕೆ ಆಗಲ್ಲ ಅಂತ ಊಟ ಆದ ಮೇಲೆ ಹೇಳಿ. ಒಂದು ಪ್ರಸಿದ್ಧ ಬರ್ಗರ್ ಕಂಪನಿ "ಐ ಆ್ಯಮ್ ಲವಿಂಗ್ ಇಟ್" ಅಂತ ಬೋರ್ಡ್ ಹಾಕಿಕೊಂಡಿದೆ ಅಲ್ವಾ, ಅದು ತಪ್ಪಾ?

ಹಳೇ ಮೇಷ್ಟ್ರು

ಊಟ ಆಯಿತು. ಇದಕ್ಕೆ ನಾನು ಮಕ್ಕಳಿಗೆ ಹೇಳುತ್ತಿದ್ದ ಒಂದು ಉಪಾಯ ಇದೆ. ಆ ಕೆಲಸವನ್ನು ಯಾರಿಗಾದರೂ ಆಜ್ಞೆ ಮಾಡಿ ನೋಡು. "ಬರಿ!" ಅನ್ನಬಹುದು. "ಓಡು!" ಅನ್ನಬಹುದು. "ಟ್ಯಾಲಿ ಗೊತ್ತಿರು!" ಅಂತ ಗದರಿಸಲು ಆಗುತ್ತದಾ? "ಒಬ್ಬ ಅಣ್ಣನನ್ನು ಹೊಂದಿರು!" ಅಂದರೆ ಪಾಪ ಅವನು ಎಲ್ಲಿಂದ ತರಬೇಕು? ಆಜ್ಞೆ ಮಾಡಲು ಬಾರದ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಇಂಗ್ ಹತ್ತುವುದಿಲ್ಲ. ನೋ, ವಾಂಟ್, ಲೈಕ್, ನೀಡ್, ಬಿಲೀವ್, ಬಿಲಾಂಗ್, ಅಂಡರ್‌ಸ್ಟ್ಯಾಂಡ್, ಎಲ್ಲ ಈ ಗುಂಪು. ಇವು ಕೆಲಸಗಳಲ್ಲ, ಇರುವ ಸ್ಥಿತಿಗಳು.

ನಮ್ಮ ಕನ್ನಡವೇ ಇದನ್ನು ಎಷ್ಟು ಚೆನ್ನಾಗಿ ತೋರಿಸುತ್ತದೆ ನೋಡು. ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ. "ನಾನು" ಇಲ್ಲ, "ನನಗೆ". "ಗೊತ್ತುತ್ತಿದ್ದೇನೆ" ಅಂತ ಯಾರೂ ಹೇಳುವುದಿಲ್ಲ. ಕನ್ನಡದಲ್ಲಿ "ನನಗೆ" ಅಂತ ಶುರುವಾದ ಮಾತು ಇಂಗ್ಲಿಷಿಗೆ ಹೋದಾಗ ಇಂಗ್ ಬಗ್ಗೆ ಎರಡು ಸಲ ಯೋಚಿಸು. ಇದು ಎಲ್ಲ ಕಡೆ ನಡೆಯುವ ಸೂತ್ರ ಅಲ್ಲ, "ನನಗೆ ಚಳಿ ಆಗ್ತಿದೆ" ಅಂಥವೂ ಇವೆ, ಆದರೂ ನಿನ್ನ ಇಂಟರ್‌ವ್ಯೂಗೆ ಸಾಕು.

ಒಂದೇ ಪದ ಎರಡು ವೇಷ ಹಾಕುವುದೂ ಉಂಟು. "ಹ್ಯಾವ್" ಅಂದರೆ ಇರುವುದು ಅಂತಾದಾಗ ಇಂಗ್ ಬೇಡ, "ಐ ಹ್ಯಾವ್ ಎ ಬ್ರದರ್". ಅದೇ ಊಟಕ್ಕೆ ಬಂದಾಗ "ವಿ ಆರ್ ಹ್ಯಾವಿಂಗ್ ಲಂಚ್" ಸರಿ, ಯಾಕೆಂದರೆ "ಊಟ ಮಾಡು" ಅಂತ ಹೇಳಬಹುದು. "ಐ ಥಿಂಕ್ ಇಟ್ ಈಸ್ ಕರೆಕ್ಟ್" ಅಂದರೆ ನನ್ನ ಅಭಿಪ್ರಾಯ. "ಐ ಆ್ಯಮ್ ಥಿಂಕಿಂಗ್" ಅಂದರೆ ತಲೆ ಕೆರೆದುಕೊಳ್ಳುತ್ತಾ ಕೂತಿದ್ದೇನೆ ಅಂತ. ಕಾಫಿ ತಾನೇ ಘಮ್ ಅಂದರೆ "ದಿ ಕಾಫಿ ಸ್ಮೆಲ್ಸ್ ಗುಡ್". ಲೋಟ ಮೂಗಿನ ಹತ್ತಿರ ಹಿಡಿದು ನೀನು ಮೂಸುತ್ತಿದ್ದರೆ "ಐ ಆ್ಯಮ್ ಸ್ಮೆಲಿಂಗ್ ದಿ ಕಾಫಿ".

ಬರ್ಗರ್‌ನವರದ್ದು ತಪ್ಪು ಅಂತ ಗೊತ್ತಿಲ್ಲದೆ ಬರೆದದ್ದಲ್ಲ. ಬಾಯಲ್ಲಿ ತುತ್ತು ಇರುವ ಕ್ಷಣದಲ್ಲೇ ಖುಷಿಯಾಗುತ್ತಿದೆ ಅಂತ ತೋರಿಸಲು ಬೇಕಂತಲೇ ನಿಯಮ ಮುರಿದದ್ದು. 2003ರಿಂದ ಹಾಗೇ ನಡೆಸಿಕೊಂಡು ಬಂದಿದ್ದಾರೆ. ಅವರಿಗೆ ಬರ್ಗರ್ ಮಾರಬೇಕು, ನಿನಗೆ ಕೆಲಸ ಬೇಕು.

ವಿರೋಧ ಪಕ್ಷ

ಕ್ಷಮಿಸಿ, ನನಗೆ ಈ ಚರ್ಚೆಯೇ ಅತಿ ಅನಿಸುತ್ತಿದೆ. "ಐ ಆ್ಯಮ್ ಹ್ಯಾವಿಂಗ್ ಒನ್ ಬ್ರದರ್" ಅಂದರೆ ಬೆಂಗಳೂರಿನ ಯಾವ ಮ್ಯಾನೇಜರಿಗೆ ಅರ್ಥ ಆಗಲ್ಲ? ಅವನೂ ಹಾಗೇ ಮಾತಾಡುತ್ತಾನೆ. ಬ್ರಿಟಿಷರು ಹೋಗಿ ಎಷ್ಟು ಕಾಲ ಆಯಿತು, ಇನ್ನೂ ಅವರ ಬೆತ್ತಕ್ಕೆ ಹೆದರಬೇಕಾ? ಇಂಡಿಯನ್ ಇಂಗ್ಲಿಷ್ ಅಂತಲೇ ಒಂದು ಇಂಗ್ಲಿಷ್ ಇದೆ. ಈ ಹುಡುಗಿ ಲೆಕ್ಕದ ಕೆಲಸಕ್ಕೆ ಹೋಗುತ್ತಿದ್ದಾಳೆ, ಬಿಬಿಸಿಗಲ್ಲ.

ಭಾಷೆ ಹುಚ್ಚು

ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಬ್ರಜ್ ಕಾಚ್ರು ಅವರಂಥ ಭಾಷಾವಿಜ್ಞಾನಿಗಳು ಇಂಡಿಯನ್ ಇಂಗ್ಲಿಷನ್ನು ಕೆಟ್ಟುಹೋದ ಇಂಗ್ಲಿಷ್ ಅನ್ನದೆ ಅದೇ ಒಂದು ಬಗೆ ಅಂತ ನೋಡಿದವರು. "ಐ ಆ್ಯಮ್ ನೋಯಿಂಗ್" ಥರದ ಪ್ರಯೋಗ ಅದರ ಗುರುತು ಅಂತ ಬಹಳ ಜನ ಬರೆದಿದ್ದಾರೆ. ಹಿಂದಿಯವರೂ ಹಾಗೆ ಹೇಳುತ್ತಾರೆ, ನಾವೊಬ್ಬರೇ ಅಲ್ಲ.

ಆದರೆ ಸ್ಕ್ರಮ್ ಸಂಕಟ ಅವರ ಗ್ಲಾಸಿನ ಕತೆ ಮತ್ತೆ ಓದಿ. ಹ್ಯಾವಿಂಗ್ ಬ್ರದರ್ ಅಂದರೆ ಕಿವಿಗೆ ಚುಚ್ಚುತ್ತದೆ ಅಷ್ಟೇ, ಅರ್ಥ ಕೆಡಲ್ಲ. ನಾಟ್ ಡ್ರಿಂಕಿಂಗ್ ಅಂದರೆ ಅರ್ಥವೇ ಬೇರೆ. ಮೊದಲನೆಯದನ್ನು ಬೇಕಾದರೆ ಬಿಟ್ಟುಬಿಡೋಣ, ಎರಡನೆಯದನ್ನು ಬಿಡಬಾರದು.

ಲೀಡ್ಸ್ ನರ್ಸಕ್ಕ

ನಾನು ಮಂಗಳೂರು ಕಡೆಯವಳು, ಈಗ ಇಂಗ್ಲೆಂಡಿನಲ್ಲಿ ನರ್ಸ್. ವಿರೋಧ ಪಕ್ಷದವರೇ, ಇಲ್ಲಿ ಅರ್ಥ ಆಗುತ್ತದೆ ಬಿಡಿ ಅನ್ನುವ ಧೈರ್ಯ ನನಗಿಲ್ಲ.

ಶಿಫ್ಟ್ ಬದಲಾಗುವಾಗ ಹ್ಯಾಂಡೋವರ್ ಅಂತ ಇರುತ್ತದೆ. ಒಂದೊಂದು ಹಾಸಿಗೆಯ ರೋಗಿಯ ಬಗ್ಗೆ ಎರಡು ಮೂರು ವಾಕ್ಯ ಹೇಳಿ ಮುಂದಿನವರಿಗೆ ಒಪ್ಪಿಸಬೇಕು. ಬಂದ ಹೊಸದರಲ್ಲಿ ಒಬ್ಬ ಅಜ್ಜನ ಬಗ್ಗೆ "ಹಿ ರೆಫ್ಯೂಸಸ್ ಫುಡ್" ಅಂದೆ. ಕೇಳಿದವಳು ಪೆನ್ನು ನಿಲ್ಲಿಸಿ, ಯಾವತ್ತೂ ಹೀಗೇನಾ, ಮನೆಯಲ್ಲೂ ತಿನ್ನುವುದಿಲ್ಲವಾ, ಮತ್ತೆ ಫೈಲ್‌ನಲ್ಲಿ ಯಾಕಿಲ್ಲ ಅಂತ ಕೇಳಿದಳು. ನಾನು ಹೇಳಬೇಕಾಗಿದ್ದದ್ದು ಬೆಳಗ್ಗೆಯಿಂದ ಬೇಡ ಅನ್ನುತ್ತಿದ್ದಾರೆ ಅಂತ. "ಹಿ ಈಸ್ ರೆಫ್ಯೂಸಿಂಗ್ ಫುಡ್", ಅಂದರೆ ಈಗ, ಈ ಹೊತ್ತು. ಒಂದು ಇಂಗ್ ಬಿಟ್ಟಿದ್ದಕ್ಕೆ ಅಜ್ಜನ ಸ್ವಭಾವವೇ ಬದಲಾಯಿತು.

ಅದೇ ಥರ "ಶಿ ಈಸ್ ಡಿಫಿಕಲ್ಟ್" ಅಂದರೆ ಆಕೆ ಜಗಳಗಂಟಿ, ಹುಟ್ಟುಗುಣ. "ಶಿ ಈಸ್ ಬೀಯಿಂಗ್ ಡಿಫಿಕಲ್ಟ್" ಅಂದರೆ ಇವತ್ತು ಯಾಕೋ ಹಠ ಮಾಡುತ್ತಿದ್ದಾರೆ. ರೋಗಿಯ ಮಗಳು ಪಕ್ಕದಲ್ಲೇ ನಿಂತಿದ್ದರೆ ಈ ಎರಡರ ನಡುವೆ ಎಷ್ಟು ಅಂತರ ಅಂತ ಗೊತ್ತಾಗುತ್ತದೆ ಮಾರಾಯ್ತಿ. ಮೇಷ್ಟ್ರ ಆಜ್ಞೆಯ ಉಪಾಯ ಇಲ್ಲೂ ಸರಿಹೋಗುತ್ತದೆ ನೋಡಿ, "ಹಠ ಮಾಡಬೇಡ" ಅಂತ ಹೇಳಬಹುದಲ್ಲ.

ನಮ್ಮವರು ಜಾಸ್ತಿ ಸಿಕ್ಕಿಬೀಳುವುದು "ಎರಡು ದಿನದಿಂದ ಜ್ವರ" ಅನ್ನುವಲ್ಲಿ. "ಹಿ ಈಸ್ ಹ್ಯಾವಿಂಗ್ ಫೀವರ್ ಸಿನ್ಸ್ ಟೂ ಡೇಸ್" ಅಂತೇವೆ. ಇಲ್ಲಿಯವರು "ಹಿ ಹ್ಯಾಸ್ ಹ್ಯಾಡ್ ಎ ಟೆಂಪರೇಚರ್ ಫಾರ್ ಟೂ ಡೇಸ್" ಅಂತಾರೆ. ಹ್ಯಾಸ್ ಹ್ಯಾಡ್ ಅಂತ ಮೊದಲು ಕೇಳಿದಾಗ ತೊದಲುತ್ತಿದ್ದಾರಾ ಅನಿಸಿತ್ತು ನನಗೆ.

ತಿಪಟೂರಿನವಳು

ಅಕ್ಕಾ, ಈ ಸಿನ್ಸ್ ಮತ್ತು ಫಾರ್ ನನಗೂ ಗೋಳು. ಮಂಡಿಯಲ್ಲಿ ಮೂರು ವರ್ಷದಿಂದ ಇದ್ದೇನೆ ಅಂತ ಹೇಗೆ ಹೇಳಬೇಕು? ಅದನ್ನು ಖಂಡಿತ ಕೇಳುತ್ತಾರೆ.

ಹಳೇ ಮೇಷ್ಟ್ರು

ಇದಕ್ಕೂ ಕಾರಣ ಕನ್ನಡವೇ. ನಮಗೆ "ಇಂದ" ಒಂದೇ ಸಾಕು. 2021ರಿಂದ, ಸೋಮವಾರದಿಂದ, ಮೂರು ವರ್ಷದಿಂದ. ಇಂಗ್ಲಿಷಿನವರು ಅದನ್ನು ಸೀಳುತ್ತಾರೆ. ಗೋಡೆಗೆ ಮೊಳೆ ಹೊಡೆದ ಹಾಗೆ ಒಂದು ಜಾಗ ತೋರಿಸಿದರೆ ಸಿನ್ಸ್. ಸಿನ್ಸ್ ಮಂಡೇ, ಸಿನ್ಸ್ ಮಾರ್ನಿಂಗ್. ಮೊಳೆಯಿಂದ ಇಲ್ಲಿವರೆಗೆ ದಾರ ಎಳೆದು ಅಳತೆ ಹೇಳಿದರೆ ಫಾರ್. ಫಾರ್ ತ್ರೀ ಇಯರ್ಸ್, ಫಾರ್ ಟೂ ಡೇಸ್. ಫ್ರಮ್ ಇಲ್ಲಿ ಬರುವುದೇ ಇಲ್ಲ, ಅದನ್ನು ಅಳಿಸಿಹಾಕು.

ಕ್ರಿಯಾಪದದ ಕತೆ ಇನ್ನೂ ಮುಖ್ಯ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿದ್ದರೆ ಇಂಗ್ಲಿಷಿನಲ್ಲಿ ಬರೀ "ಆ್ಯಮ್" ಸಾಲದು, "ಹ್ಯಾವ್ ಬೀನ್" ಬೇಕು. "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್." ಇದೊಂದನ್ನು ಕನ್ನಡಿ ಮುಂದೆ ಇಪ್ಪತ್ತು ಸಲ ಹೇಳು. "ಐ ವರ್ಕ್ಡ್ ಹಿಯರ್ ಫಾರ್ ತ್ರೀ ಇಯರ್ಸ್" ಅಂದರೆ ಕೆಲಸ ಬಿಟ್ಟಿದ್ದೀಯ ಅಂತ ಅರ್ಥ. ಯಾಕೆ ಬಿಟ್ಟೆ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಇನ್ನೊಂದು ಗುಂಡಿ ಇದೆ. ಯಾರಾದರೂ "ಐ ಆ್ಯಮ್ ಹಿಯರ್ ಫಾರ್ ಟೂ ವೀಕ್ಸ್" ಅಂದರೆ ಎರಡು ವಾರದಿಂದ ಇದ್ದಾರೆ ಅಂತಲ್ಲ, ಒಟ್ಟು ಎರಡು ವಾರ ಇರಲು ಬಂದಿದ್ದಾರೆ ಅಂತ. ಮೂರು ವರ್ಷದ ಅನುಭವ ಹೇಳಲು ಹೋಗಿ ಮೂರು ವರ್ಷದ ಕಾಂಟ್ರಾಕ್ಟ್ ಅಂತ ಕೇಳಿಸಬಾರದು.

ಭಾಷೆ ಹುಚ್ಚು

ಹ್ಯಾವ್, ಹ್ಯಾಸ್ ಅಂದರೆ ಜನ ಹೆದರುತ್ತಾರೆ, ನಿಜ ಹೇಳಬೇಕೆಂದರೆ ಕನ್ನಡದವರಿಗೆ ಅದು ಸುಲಭ. ಬಂದ ಮತ್ತು ಬಂದಿದ್ದಾನೆ, ಈ ಎರಡರ ವ್ಯತ್ಯಾಸ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಮಾವ ಬಂದಿದ್ದಾರೆ" ಅಂದರೆ ಇನ್ನೂ ಜಗಲಿ ಮೇಲೆ ಇದ್ದಾರೆ, ಕಾಫಿ ಇಡಬೇಕು. "ಬಂದರು" ಅಂದರೆ ಬಂದರು, ಅಷ್ಟೇ. ಇಂಗ್ಲಿಷಿನ "ಹ್ಯಾಸ್ ಕಮ್" ಮತ್ತು "ಕೇಮ್" ಬಹುಪಾಲು ಇದೇ ಲೆಕ್ಕ. ಎಡವುವುದು ಒಂದು ಕಡೆ. ನಾವು "ನಿನ್ನೆ ನೋಡಿದ್ದೀನಿ" ಅನ್ನಬಹುದು, ಅವರು ನಿನ್ನೆ, ಹೋದ ವಾರ ಅಂತ ಹೊತ್ತು ಹೇಳಿದ ಮೇಲೆ ಹ್ಯಾವ್ ಬಿಟ್ಟುಬಿಡುತ್ತಾರೆ. "ಐ ಸಾ ಹಿಮ್ ಯೆಸ್ಟರ್‌ಡೇ", ಮುಗಿಯಿತು.

ಆದರೆ ಈ "ಇದ್ದಾನೆ" ಇನ್ನೊಂದು ಕಡೆ ಮೋಸ ಮಾಡುತ್ತದೆ, ನನಗೆ ತುಂಬ ಇಷ್ಟವಾದ ಮೋಸ. ಕೂತಿದ್ದಾನೆ, ನಿಂತಿದ್ದಾನೆ, ಮಲಗಿದ್ದಾನೆ, ಅಂಗಿ ಹಾಕಿಕೊಂಡಿದ್ದಾನೆ. ರೂಪ ನೋಡಿದರೆ ಬಂದಿದ್ದಾನೆ ಥರವೇ ಇದೆ. ಹಾಗಾಗಿ ಎಷ್ಟೋ ಜನ "ಹಿ ಹ್ಯಾಸ್ ವೋರ್ನ್ ಎ ರೆಡ್ ಶರ್ಟ್" ಅಂತ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಇವೆಲ್ಲ ಇಂಗ್! ಈಸ್ ಸಿಟ್ಟಿಂಗ್, ಈಸ್ ಸ್ಟ್ಯಾಂಡಿಂಗ್, ಈಸ್ ವೇರಿಂಗ್. ನಾವು "ಕೂರ್ತಾ ಇದ್ದಾನೆ" ಅಂದರೆ ಅವನು ಇನ್ನೂ ಮೊಣಕಾಲು ಬಗ್ಗಿಸುತ್ತಿದ್ದಾನೆ, ಕುರ್ಚಿ ಮುಟ್ಟಿಲ್ಲ. ಅಲ್ಲಿ ಬೇಡದ ಕಡೆ ಇಂಗ್ ಹಾಕುತ್ತೇವೆ, ಇಲ್ಲಿ ಬೇಕಾದ ಕಡೆ ಬಿಡುತ್ತೇವೆ.

ಧಾರವಾಡದ ಅಮ್ಮ

ಹೌದ್ರೀ, ಭಾಳ ಚಲೋ ಚರ್ಚೆ. ನನ್ನದೊಂದು ಸಣ್ಣ ಪ್ರಶ್ನೆ ಇದೆ. ಮಗ ನಾಲ್ಕನೇ ಕ್ಲಾಸು. "ಡಸ್ ಹಿ ಗೋಸ್ ಟು ಸ್ಕೂಲ್" ಅಂತ ಬರೆದಿದ್ದ, ಕೆಂಪು ಗೆರೆ ಬಿತ್ತು. ಹಿ ಬಂದರೆ ಎಸ್ ಹಾಕು ಅಂತ ನಾನೇ ಹೇಳಿದ್ದೆ. ಈಗ ನನ್ನನ್ನೇ ಬೈಯುತ್ತಿದ್ದಾನೆ.

ಹಳೇ ಮೇಷ್ಟ್ರು

ತಾಯಿ, ಎಸ್ ಒಂದೇ, ಹಾಕಿಕೊಳ್ಳುವವರು ಇಬ್ಬರು. ಡಸ್ ಬಂದು ಅದನ್ನು ಹಾಕಿಕೊಂಡ ಮೇಲೆ ಗೋ ಬರಿಗೈ. "ಡಸ್ ಹಿ ಗೋ", "ಹಿ ಡಸಂಟ್ ಗೋ". ಡಸ್ ಇಲ್ಲದಾಗ ಮಾತ್ರ "ಹಿ ಗೋಸ್". ಒಂದೇ ಕೊಡೆ ಇರುವ ಮನೆ ಅಂತ ಮಗನಿಗೆ ಹೇಳಿ, ಒಬ್ಬರು ಹಿಡಿದು ಹೋದರೆ ಇನ್ನೊಬ್ಬರಿಗಿಲ್ಲ.

ಕನ್ನಡದಲ್ಲಿ ನಾವು ಮಾಡುತ್ತೇನೆ, ಮಾಡುತ್ತೀಯ, ಮಾಡುತ್ತಾನೆ, ಮಾಡುತ್ತಾಳೆ, ಮಾಡುತ್ತದೆ, ಮಾಡುತ್ತಾರೆ ಅಂತ ಪ್ರತಿಯೊಬ್ಬರಿಗೂ ಬೇರೆ ಬಾಲ ಹಚ್ಚುವವರು. ಇಂಗ್ಲಿಷಿನಲ್ಲಿ ಉಳಿದಿರುವುದು ಈ ಒಂದೇ ಬಾಲ, ಅದನ್ನೇ ಮರೆಯುತ್ತೇವೆ! ಹೇಳುವಾಗಲೂ ಕಿವಿ ಇರಲಿ. ವರ್ಕ್ಸ್ ಅನ್ನುವಲ್ಲಿ ಸ್, ಪ್ಲೇಸ್ ಅಂತ ಬರೆದರೂ ಬಾಯಲ್ಲಿ ಜ್ ಕಡೆಗೆ ಹೋಗುತ್ತದೆ, ವಾಚ್‌ಗೆ ಸೇರಿದರೆ ವಾಚಿಜ್ ಅಂತ ಇನ್ನೊಂದು ಉಸಿರು ಬೇಕು. "ಸೇ" ಮಾತ್ರ ಸೇಯ್ಸ್ ಅಲ್ಲ, "ಸೆಜ್". ನಾನೇ ಹತ್ತು ವರ್ಷ ಸೇಯ್ಸ್ ಅಂತ ಪಾಠ ಮಾಡಿದ್ದೇನೆ, ಆ ಮಕ್ಕಳು ಕ್ಷಮಿಸಲಿ.

ಬೌಂಡರಿ ಲೈನ್

ಮೇಷ್ಟ್ರೇ, ನಿಮ್ಮ ಬೋರ್ಡು ಕಿಟಕಿಗೆ ನನ್ನದೊಂದು ಗೂಗ್ಲಿ. ಕ್ರಿಕೆಟ್ ಕಾಮೆಂಟರಿಯಲ್ಲಿ ಕಣ್ಣೆದುರೇ ನಡೆಯುತ್ತಿರುವುದನ್ನು "ಹಿ ರನ್ಸ್ ಇನ್, ಬೌಲ್ಸ್, ಆ್ಯಂಡ್ ಹಿ ಡ್ರೈವ್ಸ್ ಇಟ್ ಥ್ರೂ ಕವರ್" ಅಂತಾರಲ್ಲ? ಕಿಟಕಿಯಿಂದ ಕಾಣುತ್ತಿರುವುದೇ ಅದು. ಇಂಗ್ ಎಲ್ಲಿ ಹೋಯಿತು?

ಹಳೇ ಮೇಷ್ಟ್ರು

ಬೌಲ್ಡ್ ಮಾಡಿಬಿಟ್ಟೆ ಕಣಯ್ಯ! ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಕಾಮೆಂಟರಿಯವರು ಇಂಗ್ ಕೊಡುವುದಿಲ್ಲ, ಡ್ರೈವಿಂಗ್ ಅಂತ ಹೇಳುವಷ್ಟರಲ್ಲಿ ಚೆಂಡು ಗೆರೆ ದಾಟಿರುತ್ತದೆ. ಓವರ್ ಮುಗಿದು ಪುರಸೊತ್ತು ಸಿಕ್ಕಾಗ ಕೇಳು, "ದಿ ಕ್ಯಾಪ್ಟನ್ ಈಸ್ ಟಾಕಿಂಗ್ ಟು ದಿ ಬೌಲರ್" ಅಂತ ಇಂಗ್ ಆರಾಮಾಗಿ ಬರುತ್ತದೆ. ಅಡುಗೆ ವಿಡಿಯೋದಲ್ಲೂ ಹಾಗೇ, "ನೌ ಐ ಆ್ಯಡ್ ದಿ ಸಾಲ್ಟ್". ನಮ್ಮವರೂ "ಈಗ ಉಪ್ಪು ಹಾಕ್ತೀನಿ" ಅಂತಾರೆ ತಾನೇ, ಉಪ್ಪು ಆಗಲೇ ಬಿದ್ದಿರುತ್ತದೆ.

ಪೇಪರಿನ ಹೆಡ್‌ಲೈನೂ ಇದೇ ಜಾತಿ. ನಿನ್ನೆ ಆದದ್ದನ್ನು "ಮಿನಿಸ್ಟರ್ ವಿಸಿಟ್ಸ್ ಹಾಸನ್" ಅಂತ ಹಾಕುತ್ತಾರೆ, ನಾಳೆ ಆಗುವುದಿದ್ದರೆ "ಟು ವಿಸಿಟ್". ಕನ್ನಡ ಪೇಪರಿನವರು ಜಾಣರು, "ಸಚಿವರ ಭೇಟಿ" ಅಂತ ಹಾಕಿ ಕ್ರಿಯಾಪದದ ಗೋಜನ್ನೇ ಬಿಟ್ಟುಬಿಡುತ್ತಾರೆ.

ವಿರೋಧ ಪಕ್ಷ

ಸರಿ, ನರ್ಸಕ್ಕನ ಅಜ್ಜನ ಕತೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಒಂದು ಹೇಳುತ್ತೇನೆ. ತಿಪಟೂರಿನವರೇ, ಇಂಟರ್‌ವ್ಯೂನಲ್ಲಿ ಬೋರ್ಡಾ, ಕಿಟಕಿಯಾ, ಆಜ್ಞೆಯಾ ಅಂತ ಲೆಕ್ಕ ಹಾಕುತ್ತಾ ಬಾಯಿ ಮುಚ್ಚಿ ಕೂರಬೇಡಿ. ತಪ್ಪಾದರೂ ಪರವಾಗಿಲ್ಲ, ಮಾತಾಡಿ.

ಸ್ಕ್ರಮ್ ಸಂಕಟ

ಇದನ್ನು ಮಾತ್ರ ನಾನೂ ಒಪ್ಪುತ್ತೇನೆ. ನಾಲ್ಕು ವಾಕ್ಯ ಗಟ್ಟಿ ಮಾಡಿಕೊಳ್ಳಿ, ಉಳಿದದ್ದು ಹೇಗೋ ಆಗುತ್ತದೆ. ಮತ್ತೆ "ವಾಟ್ ಡು ಯು ಡು" ಅಂತ ಕೇಳಿದರೆ ಕೆಲಸ ಏನು ಅಂತ. ನನ್ನ ಗೆಳೆಯನೊಬ್ಬ ಅದಕ್ಕೆ "ಐ ಆ್ಯಮ್ ಸಿಟ್ಟಿಂಗ್ ಫಾರ್ ಇಂಟರ್‌ವ್ಯೂ ಸರ್" ಅಂದಿದ್ದ. ಟೆನ್ಸ್ ಸರಿಯಾಗಿತ್ತು ಪಾಪ.

ತಿಪಟೂರಿನವಳು

ಎಲ್ಲರಿಗೂ ಮತ್ತೆ ನಮಸ್ಕಾರ. ನಿನ್ನೆ ಇಂಟರ್‌ವ್ಯೂ ಮುಗಿಯಿತು!

ಒಬ್ಬರು ಮೇಡಂ, ಒಬ್ಬರು ಸರ್. ಮೊದಲ ಪ್ರಶ್ನೆಯೇ ಏನು ಗೊತ್ತಾ, ಸರ್ ಕೇಳಿದ್ದು, "ವೇರ್ ಆರ್ ಯು ಸ್ಟೇಯಿಂಗ್?" ನನಗೆ ನಗು ತಡೆಯಲಾಗಲಿಲ್ಲ. ವಿರೋಧ ಪಕ್ಷದವರು ಹೇಳಿದ ಹಾಗೆ ಅವರೂ ನಮ್ಮ ಥರವೇ! ನಾನು ಮಾತ್ರ "ಐ ಲಿವ್ ಇನ್ ತಿಪಟೂರ್" ಅಂತ ಬಿಗಿಯಾಗಿ ಹೇಳಿದೆ. "ಐ ಹ್ಯಾವ್ ಬೀನ್ ವರ್ಕಿಂಗ್" ಸರಾಗವಾಗಿ ಬಂತು, ಕನ್ನಡಿ ಮುಂದೆ ಹೇಳಿ ಹೇಳಿ ಅಮ್ಮನಿಗೂ ಬಾಯಿಪಾಠ ಆಗಿತ್ತು. "ಐ ನೋ ಟ್ಯಾಲಿ" ಕೂಡ ಬಂತು. ಮಧ್ಯೆ ಒಂದು ಸಲ "ಡೈಲಿ ಐ ಆ್ಯಮ್" ಅಂತ ಶುರು ಮಾಡಿಬಿಟ್ಟೆ, ಮೇಷ್ಟ್ರ ಮುಖ ನೆನಪಾಯಿತು (ನೋಡಿಲ್ಲ, ಆದರೂ), ನಿಲ್ಲಿಸಿ "ಐ ಚೆಕ್" ಅಂದೆ. ಮೇಡಂ ನಕ್ಕರು, ಒಳ್ಳೆಯ ನಗು. ಆಮೇಲೆ ಇಪ್ಪತ್ತು ನಿಮಿಷ ಬರೀ ಜಿಎಸ್‌ಟಿ ಕೇಳಿದರು, ಅದರಲ್ಲಿ ಯಾವ ಟೆನ್ಸ್ ಬಂತೋ ದೇವರಿಗೇ ಗೊತ್ತು.

ಲೀಡ್ಸ್ ನರ್ಸಕ್ಕ

ಭಾರೀ ಖುಷಿ ಆಯಿತು! ಕೆಲಸ ಸಿಕ್ಕಿತಾ ಮಾರಾಯ್ತಿ?

ತಿಪಟೂರಿನವಳು

ಫೋನ್ ಮಾಡುತ್ತೇವೆ ಅಂದಿದ್ದಾರೆ ಅಕ್ಕಾ. ಚಿಕ್ಕಪ್ಪನ ಮಗನಿಗೆ ಇಂಗ್ಲಿಷಿನಲ್ಲೇ ಮೆಸೇಜ್ ಹಾಕೋಣ ಅಂತ ಕೂತಿದ್ದೇನೆ. ಮೇಷ್ಟ್ರೇ, "ದೇ ಆರ್ ಕಾಲಿಂಗ್ ಮಿ ನೆಕ್ಸ್ಟ್ ವೀಕ್" ಅಂತ ಬರೆಯಲಾ, "ದೇ ವಿಲ್ ಕಾಲ್ ಮಿ" ಅಂತ ಬರೆಯಲಾ?

ಹಳೇ ಮೇಷ್ಟ್ರು

ಇಂಥ ದಿನ, ಇಷ್ಟು ಗಂಟೆಗೆ ಅಂತ ಗಟ್ಟಿ ಮಾಡಿದ್ದಾರಾ?

ತಿಪಟೂರಿನವಳು

ಇಲ್ಲ ಸರ್. ಸುಮ್ನೆ "ಹೇಳ್ತೀವಿ" ಅಂದರು.

ಹಳೇ ಮೇಷ್ಟ್ರು

ಹಾಗಿದ್ದರೆ ಸದ್ಯಕ್ಕೆ ವಿಲ್ ಹಾಕಮ್ಮಾ. ದಿನ ಹೇಳಿದ ಮೇಲೆ ಕಾಲಿಂಗ್ ಹಾಕುವಿಯಂತೆ.